ಗ್ಯಾಸು ಎಲ್ಲಿಗೆ ಹೋಯಿತು?

ವಿಜಯಪುರದ ಬೇಸಿಗೆಯನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಅಂಥದೇ ದಿನಗಳಲ್ಲಿ ಅವ್ವನನ್ನು ಕಣ್ಣಿನ ಚಿಕಿತ್ಸೆಗೆ ಸೊಲ್ಲಾಪುರಕ್ಕೆ ಕರೆದೊಯ್ಯಬೇಕಾಗಿ ಬಂತು. ಹೋಗಲು ನೂರು ಕಿಲೋಮೀಟರು, ಬರಲು ನೂರು. ನಮ್ಮ ಕಾರಿಗೆ ಇಪ್ಪತ್ತೆರಡು ವರ್ಷ. ಎಂಜಿನ್ನು ಗಟ್ಟಿ, ಮೈಯೂ ಗಟ್ಟಿ. ಏಸಿ ಮಾತ್ರ ಯುಗಾದಿ ಬಂತೆಂದರೆ ಬಿಸಿಗಾಳಿ ಊದುತ್ತಿತ್ತು. ಮೂರು ವರ್ಷದಿಂದ ನಾನು ಮಾಡುತ್ತಿದ್ದುದು ಒಂದೇ ಉಪಾಯ: ಗ್ಯಾಸ್ ತುಂಬಿಸಿಕೊಂಡು ಬರುವುದು. ಆ ವರ್ಷ ಯಾವಾಗಲೂ ಹೋಗುತ್ತಿದ್ದ ಅಂಗಡಿ ಮುಚ್ಚಿತ್ತು. ಹಾಗಾಗಿ ಊರ ಹೊರಗೆ ಏಸಿ ಕೆಲಸವನ್ನಷ್ಟೇ ಮಾಡುವ ಒಬ್ಬ ಹಿರಿಯ ಮಿಸ್ತ್ರಿಯ ಬಳಿ ಹೋದೆ.

"ಚಾಚಾ, ಗ್ಯಾಸ್ ತುಂಬಿ ಕೊಡ್ರಿ. ನಾಳಿ ನಸಿಕಲೆ ಸೊಲ್ಲಾಪುರಕ್ಕ ಹೋಗಬೇಕು."

"ತುಂಬತೀನ್ರಿ ಸರ. ಹ್ವಾದ ವರ್ಷ ತುಂಬಿಸಿದ್ರಲ್ಲ, ಅದು ಎಲ್ಲಿಗಿ ಹೋತು?"

"ಖಾಲಿ ಆಗಿರಬೇಕು."

"ಅದೇನು ಪೆಟ್ರೋಲ್ ಏನ್ರಿ, ಸುಟ್ಟು ಖರ್ಚ ಆಗಾಕ? ಗ್ಯಾಸು ಒಳಗ ತಿರಗತದ, ಖರ್ಚ ಆಗೂದಿಲ್ಲ. ಕಡಿಮಿ ಆಗ್ಯದ ಅಂದ್ರ ಎಲ್ಲೋ ತೂತ ಬಿದ್ದದ."

ಮೂರು ವರ್ಷ ಯಾರೂ ಕೇಳದ ಪ್ರಶ್ನೆ ಅದು. ರಬ್ಬರ್ ಪೈಪುಗಳ ಮೂಲಕ ವರ್ಷಾನುಗಟ್ಟಲೆ ತುಸುತುಸು ಜಿನುಗುವುದು ಉಂಟು. ಆದರೆ ಹೋದ ಬೇಸಿಗೆಯಲ್ಲಿ ತುಂಬಿಸಿದ ಗ್ಯಾಸು ಈ ಬೇಸಿಗೆಗೆ ಇಲ್ಲವೆಂದರೆ ಅದು ಸೋರಿಕೆಯೇ.

ಗ್ಯಾಸು ಒಳಗೆ ತಿರುಗಿ ಮಾಡುವ ಕೆಲಸವೇನೆಂದು ನೀರಿನ ಹರವಿಯನ್ನು ನೋಡಿದರೆ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಫ್ರಿಜ್ಜು ಇದ್ದರೂ ಅವ್ವ ಮಣ್ಣಿನ ಹರವಿಯ ನೀರನ್ನೇ ಕುಡಿಯುವಾಕೆ. ಹರವಿಯ ಮೈಯಿಂದ ನೀರು ಜಿನುಗುತ್ತದೆ, ಆವಿಯಾಗುತ್ತದೆ, ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಕಾರಿನ ಏಸಿಯ ಗುಟ್ಟೂ ಇದೇ. ಗ್ಯಾರೇಜುಗಳಲ್ಲಿ ಕೂಲಿಂಗ್ ಕಾಯಿಲ್ ಅನ್ನುವ ಭಾಗಕ್ಕೆ ಪುಸ್ತಕದಲ್ಲಿ ಎವಾಪರೇಟರ್ ಎಂದು ಹೆಸರು. ಡ್ಯಾಶ್‌ಬೋರ್ಡಿನ ಹಿಂದೆ ಕೂತಿರುವ ಈ ಅಲ್ಯೂಮಿನಿಯಂ ಜಾಲರಿಯೇ ಕಾರಿನ ಹರವಿ. ಹರವಿಯಲ್ಲಿ ನೀರು ಮಾಡುವ ಕೆಲಸವನ್ನು ಇಲ್ಲಿ ಆರ್-134ಎ ಎಂಬ ಅನಿಲ ಮಾಡುತ್ತದೆ. ಬಯಲಿಗೆ ಬಿಟ್ಟರೆ ಅದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಕಾಯಿಲ್‌ನೊಳಗೆ ದ್ರವವಾಗಿ ನುಗ್ಗಿ, ಕುದ್ದು, ಕಾರಿನೊಳಗಿನ ಗಾಳಿಯ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಅದನ್ನು ಹಿಂಡಿ ಮುಂದೆ ನೂಕುತ್ತದೆ, ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಆ ಶಾಖವನ್ನು ಹೊರಗೆ ಚೆಲ್ಲುತ್ತದೆ, ಅನಿಲ ಮತ್ತೆ ದ್ರವವಾಗಿ ಮರಳುತ್ತದೆ. ಹರವಿಗೆ ದಿನವೂ ನೀರು ತುಂಬಬೇಕು. ಕಾರಿನಲ್ಲಿ ಅರ್ಧ ಕಿಲೋದಷ್ಟು ಅನಿಲ ವರ್ಷಗಟ್ಟಲೆ ಸುತ್ತುತ್ತಲೇ ಇರಬೇಕು.

ನೀರಿನಿಂದ ತಂಪು ಮಾಡಿಕೊಳ್ಳುವುದು ನಮ್ಮ ಸೀಮೆಗೆ ಹೊಸದಲ್ಲ. ಊರಿಂದ ಪೂರ್ವಕ್ಕೆ ಕುಮಟಗಿಯಲ್ಲಿ ಆದಿಲಶಾಹಿ ಅರಸರು ಕೆರೆಯ ಪಕ್ಕ ಬೇಸಿಗೆಯ ವಿಹಾರ ಕಟ್ಟಿಸಿದ್ದರು. ಕೆರೆಯ ನೀರನ್ನು ಗೋಪುರಗಳಿಗೆ ಏರಿಸಿ, ಗೋಡೆಯೊಳಗಿನ ಕೊಳವೆಗಳಲ್ಲಿ ಹರಿಸಿ, ಮಂಟಪದ ಚಾವಣಿಯಿಂದ ತುಂತುರಾಗಿ ಉದುರಿಸುವ ಏರ್ಪಾಡು ಅದು. ಇವತ್ತು ಆ ತುಂತುರೂ ಇಲ್ಲ, ಗೋಡೆಯ ಮೇಲಿನ ಚಿತ್ರಗಳೂ ಮಾಸಿವೆ. ಅಲ್ಲಿ ನಿಂತಾಗಲೆಲ್ಲ ಆ ಕೊಳವೆಗಳನ್ನು ನೋಡಿಕೊಳ್ಳುತ್ತಿದ್ದ ಹೆಸರಿಲ್ಲದ ಕೆಲಸಗಾರರು ನೆನಪಾಗುತ್ತಾರೆ. ಕೊಳವೆ ಕಟ್ಟಿಕೊಂಡರೆ ಅವರೂ ಎಲ್ಲಿ ಎಂದು ಹುಡುಕಿಯೇ ಬಿಡಿಸಿರಬೇಕು.

ಕಾರಿಗೆ ಏಸಿ ಬಂದದ್ದು ಬಹಳ ಈಚೆಗೆ. 1939ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ಮೊದಲ ಸಲ ಏಸಿ ಸಮೇತ ಮಾರುವ ಕಾರನ್ನು ತೋರಿಸಿತು. ಅದರ ಕಾಯಿಲ್ ಇದ್ದದ್ದು ಹಿಂದಿನ ಸೀಟಿನ ಬೆನ್ನಿಗೆ, ಡಿಕ್ಕಿಯಲ್ಲಿ. ತಂಪು ಸಾಕೆನಿಸಿದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಕಂಪ್ರೆಸರಿನ ಬೆಲ್ಟನ್ನೇ ಕಳಚಬೇಕಿತ್ತು. ನಮ್ಮಲ್ಲಿ ಅಂಬಾಸಡರ್ ಕಾಲದಲ್ಲಿ ಮುಂದಿನ ಬಾಗಿಲಿನ ತ್ರಿಕೋನದ ಕಿಟಕಿಯನ್ನು ಓರೆಯಾಗಿ ತಿರುಗಿಸಿಕೊಂಡರೆ ಅದೇ ತಂಪು.

ಇತ್ತ ಚಾಚಾ ಸೋರಿಕೆ ಹುಡುಕಲು ಕೂತರು. ಬಾನೆಟ್ಟಿನೊಳಗಿನ ಪೈಪುಗಳ ಸಂದುಸಂದಿಗೂ ಸೋಪಿನ ನೊರೆ ಹಚ್ಚಿದರು. ಎಲ್ಲಿಯೂ ಗುಳ್ಳೆ ಏಳಲಿಲ್ಲ. ಆಮೇಲೆ ಏಸಿಯ ನೀರು ತೊಟ್ಟಿಕ್ಕುವ ಪೈಪಿನ ಬಾಯಿಗೆ ಗ್ಯಾಸ್ ಪತ್ತೆ ಮಾಡುವ ಯಂತ್ರದ ಮೂತಿ ಹಿಡಿದರು. ಈ ಅನಿಲ ಗಾಳಿಗಿಂತ ಭಾರ, ಕಾಯಿಲ್ ಸೋರಿದರೆ ಆ ಪೈಪಿನಲ್ಲೇ ಕೆಳಗಿಳಿಯುತ್ತದೆ. ಯಂತ್ರ ಕಿರುಚಿಕೊಂಡಿತು. ಹೊಸ ಕಾಯಿಲ್ ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರಬೇಕಿತ್ತು. ನಾನು ದವಾಖಾನೆಗೆ ಫೋನ್ ಮಾಡಿ ನಾಲ್ಕು ದಿನ ಮುಂದೆ ಹಾಕಿಸಿಕೊಂಡೆ.

ಕಾಯಿಲ್ ಬದಲಿಸುವುದೆಂದರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕೆಂಬ ಹೆದರಿಕೆ ಎಲ್ಲರಿಗೂ ಇದೆ. ಈಗಿನ ಎಷ್ಟೋ ಕಾರುಗಳಲ್ಲಿ ಅದು ನಿಜವೇ. ಸ್ಟಿಯರಿಂಗ್, ಏರ್‌ಬ್ಯಾಗ್ ಎಲ್ಲ ಕಳಚಬೇಕಾಗುತ್ತದೆ, ಅದಕ್ಕೂ ಮೊದಲು ಬ್ಯಾಟರಿ ಬಿಡಿಸಿ ಕೆಲವು ನಿಮಿಷ ಕಾಯಬೇಕಾಗುತ್ತದೆ. ನಮ್ಮ ಹಳೆಯ ಕಾರನ್ನು ಕಟ್ಟಿದವರು ದೊಡ್ಡ ಉಪಕಾರ ಮಾಡಿದ್ದಾರೆ. ಬ್ಲೋವರ್, ಕಾಯಿಲ್ ಡಬ್ಬಿ, ಹೀಟರ್ ಡಬ್ಬಿ ಮೂರೂ ಒಂದರ ಪಕ್ಕ ಒಂದು ಸಾಲಾಗಿ ಕೂತಿವೆ. ಗ್ಯಾಸನ್ನು ಬಯಲಿಗೆ ಬಿಡದೆ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಂಡು, ಎಂಜಿನ್ ಕಡೆಯಿಂದ ಎರಡು ಪೈಪು ಬಿಚ್ಚಿ, ಒಳಗೆ ಗ್ಲೋವ್ ಬಾಕ್ಸ್ ತೆಗೆದರೆ ಡಬ್ಬಿ ಕೈಗೆ ಸಿಗುತ್ತದೆ.

ಆ ಡಬ್ಬಿಯ ಕ್ಲಿಪ್ಪು ಬಿಡಿಸಿ ಎರಡು ಹೋಳು ಮಾಡಿದಾಗ ನಾನು ಕಂಡದ್ದನ್ನು ಹಳೆ ಕಾರಿನವರೆಲ್ಲ ಒಮ್ಮೆ ನೋಡಬೇಕು. ಕಾಯಿಲ್‌ನ ಮುಖದ ಮೇಲೆ ಕಂಬಳಿಯಷ್ಟು ದಪ್ಪನೆಯ ಪದರ. ಮನೆ ಮುಂದಿನ ಬೇವಿನ ಎಲೆಯ ಪುಡಿ, ಧೂಳು, ಕೂದಲು, ಎಲ್ಲ ಒದ್ದೆಯಾಗಿ ಹೆಪ್ಪುಗಟ್ಟಿತ್ತು. ಗಾಜಿನ ಬುಡದ ಜಾಲರಿಯಿಂದ ಎಲೆ ಒಳಗೆ ಬರುತ್ತದೆ, ತಡೆಯಲು ಇಂಥ ಕಾರುಗಳಲ್ಲಿ ಫಿಲ್ಟರ್ ಇಲ್ಲ. ಏಸಿ ಓಡಿದಾಗಲೆಲ್ಲ ಗಾಳಿಯ ತೇವ ಕಾಯಿಲ್ ಮೇಲೆ ನೀರಾಗಿ ಕೂರುತ್ತದೆ. ಒದ್ದೆ ಕಸ ಅಂಟಿಕೊಂಡಲ್ಲಿ ಅಲ್ಯೂಮಿನಿಯಂ ನಿಧಾನಕ್ಕೆ ಸವೆದು ಸೂಜಿ ಚುಚ್ಚಿದಷ್ಟು ತೂತಾಗುತ್ತದೆ. ಮೂಲೆಯಲ್ಲಿ ಎಣ್ಣೆ ಜಿಡ್ಡಿನ ಒಂದು ಕಪ್ಪು ಕಲೆ ಇತ್ತು. ಚಾಚಾ ಅದರ ಮೇಲೆ ಬೆರಳಿಟ್ಟು, "ಇಲ್ಲೇ ನೋಡ್ರಿ, ಗ್ಯಾಸಿನ ಸಂಗಡ ಎಣ್ಣಿನೂ ಹೋಗ್ಯದ. ಇನ್ನೊಂದ ವರ್ಷ ಹಿಂಗ ಓಡಿಸಿದ್ರ ಕಂಪ್ರೆಸರ್ ಜಾಮ್ ಆಗತಿತ್ತು" ಅಂದರು. ಕಂಪ್ರೆಸರಿಗೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ. ಗ್ಯಾಸಿನೊಂದಿಗೆ ತಿರುಗುವ ಎಣ್ಣೆಯೇ ಅದರ ಜೀವ. ಅದಕ್ಕೇ ಸೋರಿಕೆ ಬರೀ ತಂಪಿನ ಪ್ರಶ್ನೆಯಲ್ಲ.

ತೂತಿಗೆ ಮದ್ದು ಹಾಕಿ ಮುಚ್ಚುವ ಡಬ್ಬಿಗಳೂ ಅಂಗಡಿಯಲ್ಲಿ ಸಿಗುತ್ತವೆ. ಚಾಚಾ ಅವನ್ನು ಮುಟ್ಟುವುದಿಲ್ಲ. ಆ ಅಂಟು, ದ್ರವವನ್ನು ಕಾಯಿಲ್‌ಗೆ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ಕಂಡಿಯನ್ನೂ ಗ್ಯಾಸ್ ಎಳೆಯುವ ಯಂತ್ರವನ್ನೂ ಕಟ್ಟಿಸಬಲ್ಲದು.

ಜೋಡಿಸುವಾಗಿನ ಅವರ ಶಿಸ್ತೇ ಬೇರೆ. ಕಾಯಿಲ್‌ನ ರೆಕ್ಕೆಗಳ ನಡುವೆ ಸಿಕ್ಕಿಸುವ ಸೆನ್ಸರ್ ಎಲ್ಲಿತ್ತೆಂದು ಮೊದಲೇ ಬಣ್ಣದಲ್ಲಿ ಗುರುತು ಹಾಕಿಕೊಂಡಿದ್ದರು. ಅದು ಜಾಗ ತಪ್ಪಿದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ ಗಾಳಿಯೇ ಬರುವುದಿಲ್ಲ. ಹೊಸ ಕಾಯಿಲ್‌ಗೆ ಅಳೆದು ಎಣ್ಣೆ ಹಾಕಿದರು, ಓ-ರಿಂಗ್‌ಗಳನ್ನೆಲ್ಲ ಬದಲಿಸಿದರು, ವಾಲ್ವನ್ನೂ ತೇವ ಹೀರುವ ಡ್ರೈಯರನ್ನೂ ಹೊಸದೇ ಹಾಕಿದರು. ಪೈಪು ಬಿಚ್ಚಿಟ್ಟಷ್ಟು ಹೊತ್ತೂ ಹಳೆಯ ಡ್ರೈಯರ್ ಗಾಳಿಯ ತೇವ ಕುಡಿದಿರುತ್ತದೆ, ಮತ್ತೆ ಹಾಕಿ ಉಪಯೋಗವಿಲ್ಲ. ನೈಟ್ರೋಜನ್ ತುಂಬಿ ಸೋರಿಕೆ ನೋಡಿದ ಮೇಲೆ ಮುಕ್ಕಾಲು ತಾಸು ವ್ಯಾಕ್ಯೂಮ್. ಒಳಗೆ ಗಾಳಿಯ ಒತ್ತಡವೇ ಇಲ್ಲದಂತಾದರೆ ಅಳಿದುಳಿದ ನೀರು ಸಾಮಾನ್ಯ ಶಾಖದಲ್ಲೇ ಕುದ್ದು ಹೊರಬೀಳುತ್ತದೆ. ಕೊನೆಗೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ಬಾನೆಟ್ಟಿನ ಒಳಗಿನ ಚೀಟಿಯಲ್ಲಿ ಬರೆದಿದ್ದ ಗ್ರಾಮ್ ಲೆಕ್ಕಕ್ಕೆ ಸರಿಯಾಗಿ ಗ್ಯಾಸ್ ಬಿಟ್ಟರು. ಸಾಮಾನು, ಕೂಲಿ ಎಲ್ಲ ಸೇರಿ ಒಂಬತ್ತು ಸಾವಿರ ರೂಪಾಯಿ.

ಆ ಮೂರು ವರ್ಷ ಬಯಲಿಗೆ ಹೋದ ಗ್ಯಾಸು ನನ್ನನ್ನು ಈಗಲೂ ಕಾಡುತ್ತದೆ. ಹಿಂದಿನ ಆರ್-12 ಓಜೋನ್ ಪದರವನ್ನು ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದರ ಜಾಗಕ್ಕೆ 134ಎ ಬಂತು. ಇದು ಓಜೋನಿಗೆ ಕೈಹಚ್ಚುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 1,400 ಪಟ್ಟು. ಇಂಥ ಅನಿಲಗಳನ್ನೂ ಇಳಿಸಬೇಕೆಂದೇ 2016ರಲ್ಲಿ ಕಿಗಾಲಿಯಲ್ಲಿ ದೇಶಗಳು ಒಪ್ಪಿಕೊಂಡವು. ಲೆಕ್ಕ ಹಾಕಿ ನೋಡಿದೆ: ಅರ್ಧ ಕಿಲೋ ಸೋರಿದರೆ ಸುಮಾರು 300 ಲೀಟರ್ ಪೆಟ್ರೋಲ್ ಸುಟ್ಟಷ್ಟು ಕೆಡುಕು. ನನ್ನ ಕಾರು ನಾಲ್ಕೈದು ತಿಂಗಳಲ್ಲೂ ಅಷ್ಟು ಪೆಟ್ರೋಲ್ ಕುಡಿಯುವುದಿಲ್ಲ.

ಸೊಲ್ಲಾಪುರಕ್ಕೆ ಹೊರಟ ದಿನ ಹೊರ್ತಿ ದಾಟುವಷ್ಟರಲ್ಲಿ ಅವ್ವ ಸೆರಗು ಹೊದ್ದುಕೊಂಡು, "ತಮ್ಮಾ, ಥಂಡಿ ಸ್ವಲ್ಪ ಕಡಿಮಿ ಮಾಡೋ" ಅಂದಳು. ಝಳಕಿಗೆ ಬರುವಾಗ ನಿದ್ದೆ ಹೋಗಿದ್ದಳು. ಅದಾದ ಮೇಲೆ ಎರಡು ಬೇಸಿಗೆ ಕಳೆದಿವೆ, ಗ್ಯಾಸ್ ತುಂಬಿಸಿಲ್ಲ.

ನಿಮ್ಮ ಹಳೆ ಕಾರಿನ ಏಸಿಯೂ ಮಂಕಾಗಿದ್ದರೆ, ದಯವಿಟ್ಟು ಗ್ಯಾಸ್ ತುಂಬಿಸುವ ಮುಂಚೆ ಅದು ಎಲ್ಲಿಗೆ ಹೋಯಿತೆಂದು ಮಿಸ್ತ್ರಿಯನ್ನು ಕೇಳಿ.