ಥೇಮ್ಸ್ ದಡದಲ್ಲಿ ಬಸವಣ್ಣ

ಕುಂದಾಪುರದ ಬಳಿ ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಒಂದುಗೂಡಿ, ಪಂಚಗಂಗಾವಳಿಯೆಂಬ ಹೆಸರು ಪಡೆದು, ಗಂಗೊಳ್ಳಿಯ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಈ ಸೀಮೆಯಲ್ಲಿ ಸೇತುವೆಗಳು ಆಗುವ ಮೊದಲು ಜನರನ್ನು ಹೊಳೆ ದಾಟಿಸುತ್ತಿದ್ದವನು ಅಂಬಿಗ. ದೋಣಿಯನ್ನೇರಿದವನು ಧಣಿಯಾಗಲಿ ಒಕ್ಕಲಾಗಲಿ, ದಾಟಿದರೆ ಇಬ್ಬರೂ ದಾಟಬೇಕು. ಮುಳುಗಿದರೆ ಇಬ್ಬರೂ ಮುಳುಗಬೇಕು. ಆದರೆ ದಡಕ್ಕೆ ಕಾಲಿಟ್ಟೊಡನೆ ಧಣಿಯು ಧಣಿಯೇ, ಒಕ್ಕಲು ಒಕ್ಕಲೇ.

ದೋಣಿಯೊಳಗಿನ ಸಮಾನತೆ ದಡದ ಮೇಲೆ ಏಕಿರಬಾರದು? ಹನ್ನೆರಡನೆಯ ಶತಮಾನದಲ್ಲಿಯೇ ಇಂತಹ ಪ್ರಶ್ನೆಯನ್ನು ಸಮಾಜದ ಮುಂದಿಟ್ಟವನು ಬಸವಣ್ಣ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಆತನು ಅಧಿಕಾರದ ಸುಖದಲ್ಲಿ ಮೈಮರೆಯಲಿಲ್ಲ. ಅಲ್ಲಮಪ್ರಭು ಅಧ್ಯಕ್ಷನಾಗಿದ್ದ ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದವರಿಗೆ ಸರಿಸಮಾನವಾದ ಸ್ಥಾನವಿತ್ತು. ದೋಣಿ ನಡೆಸುವವನೂ ಬಟ್ಟೆ ಒಗೆಯುವವನೂ ಅಕ್ಕಿ ಆಯುವವಳೂ ಅಲ್ಲಿ ವಚನಕಾರರಾದರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ವಿವಾಹವಾದಾಗ ಅರಸನು ಆ ತಂದೆಯರಿಬ್ಬರಿಗೂ ಮರಣದಂಡನೆ ವಿಧಿಸಿದನೆಂದೂ, ಕಲ್ಯಾಣವು ಹೊತ್ತಿ ಉರಿಯಿತೆಂದೂ, ಶರಣರು ದಿಕ್ಕುದಿಕ್ಕಿಗೆ ಚದರಿದರೆಂದೂ ಪರಂಪರೆ ಹೇಳುತ್ತದೆ.

ಹೀಗೆ ತನ್ನ ನಾಡಿನಲ್ಲಿಯೇ ನೆಲೆ ತಪ್ಪಿದ ಆ ಚಿಂತನೆಗೆ ಇಂದು ಕಡಲಾಚೆಯಲ್ಲಿ ಗೌರವ ದೊರೆತಿದೆ. ಲಂಡನ್ ನಗರದಲ್ಲಿ, ಥೇಮ್ಸ್ ನದಿಯ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವೇಶ್ವರನ ಪ್ರತಿಮೆಯಿದೆ. ಅಲ್ಲಿನ ಲ್ಯಾಂಬೆತ್ ವಿಭಾಗದ ಮೇಯರ್ ಆಗಿದ್ದ, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರು ಇದಕ್ಕಾಗಿ ಶ್ರಮಿಸಿದರು. 2015ರ ನವೆಂಬರ್ 14ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅದನ್ನು ಅನಾವರಣಗೊಳಿಸಿದರು. ನದಿಯ ಆಚೆ ದಡದಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಭವನವಿದೆ. ಒಂದು ಕಾಲದಲ್ಲಿ ಭಾರತವನ್ನು ಆಳಿದವರ ರಾಜಧಾನಿಯಲ್ಲಿ, ಕನ್ನಡದಲ್ಲಿ ಸಮಾನತೆಯನ್ನು ಸಾರಿದವನಿಗೆ ಸ್ಥಳ ದೊರೆತುದು ಸಣ್ಣ ಸಂಗತಿಯಲ್ಲ.

ಇತಿಹಾಸದಲ್ಲಿ ಇಂತಹ ನಿದರ್ಶನಗಳು ಬೇರೆಯೂ ಉಂಟು. ಫಿಲಿಪ್ಪೀನ್ಸ್ ದೇಶದ ರಾಷ್ಟ್ರವೀರ ಹೊಸೆ ರಿಸಾಲ್ ಕಣ್ಣಿನ ವೈದ್ಯ, ಕಾದಂಬರಿಕಾರ. ಪರರ ಆಳ್ವಿಕೆಯ ಅನ್ಯಾಯವನ್ನು ಬರೆಹದಿಂದ ಬಯಲಿಗೆಳೆದ ಆತನನ್ನು ಸ್ಪೇನಿನ ಸರಕಾರವು 1896ರ ಡಿಸೆಂಬರ್ 30ರಂದು ಮನಿಲಾದಲ್ಲಿ ಗುಂಡಿಟ್ಟು ಕೊಂದಿತು. ಆಗ ಆತನ ವಯಸ್ಸು ಕೇವಲ 35. ನೂರು ವರ್ಷಗಳು ಕಳೆದ ಮೇಲೆ, 1996ರಲ್ಲಿ, ಅದೇ ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಲ್ಲಿ ಆತನ ಸ್ಮಾರಕವು ತಲೆಯೆತ್ತಿತು. ಸತ್ಯವನ್ನು ನುಡಿದವನನ್ನು ಕೊಲ್ಲಬಹುದು. ಆದರೆ ಆ ಸತ್ಯಕ್ಕೆ ಕೊಂದವರ ಮಕ್ಕಳೇ ಮುಂದೆ ತಲೆಬಾಗುತ್ತಾರೆ.

ಆದರೆ ಪ್ರತಿಮೆಯೊಂದು ನಿಂತ ಮಾತ್ರಕ್ಕೆ ಮಹಾತ್ಮರ ಕಾರ್ಯವು ಪೂರ್ಣವಾಗುವುದೆ? ನಿಂತ ಕಟ್ಟಡಕ್ಕಿಂತ ನಡೆಯುವ ಬದುಕೇ ದೊಡ್ಡದೆಂದು ನಂಬಿದ್ದ ಬಸವಣ್ಣನು ಈ ಮಾತನ್ನು ಒಪ್ಪುತ್ತಿರಲಿಲ್ಲ. ಆತನ ಕಾಲದಿಂದ ಏಳು ನೂರಕ್ಕೂ ಹೆಚ್ಚು ವರ್ಷಗಳು ಉರುಳಿದ ಮೇಲೆ, ಇಂದಿನ ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 'ಚೋಮನ ದುಡಿ'ಯನ್ನು ಬರೆದರು. ಚೋಮನ ಬಳಿ ಎತ್ತುಗಳಿದ್ದುವು, ದುಡಿಯುವ ತೋಳುಗಳಿದ್ದುವು. ಆದರೂ ಅಸ್ಪೃಶ್ಯನೆಂಬ ಕಾರಣದಿಂದ ತನ್ನದೆಂದು ಉಳಲು ಅಂಗೈಯಗಲ ಗದ್ದೆ ಸಿಗಲಿಲ್ಲ. ಆತನ ಆಸೆಯೂ ಅಳಲೂ ದುಡಿಯ ಸದ್ದಿನಲ್ಲಿಯೇ ಅಡಗಿಹೋದುವು. ಕಲ್ಯಾಣದಲ್ಲಿ ಹರಳಯ್ಯನಿಗೆ ಬಂದೊದಗಿದ ಪ್ರಶ್ನೆಯೇ ಕರಾವಳಿಯಲ್ಲಿ ಚೋಮನಿಗೂ ಎದುರಾಯಿತು.

ಥೇಮ್ಸ್ ದಡದ ಪ್ರತಿಮೆಯನ್ನು ಕಂಡು ಕನ್ನಡಿಗನು ಹೆಮ್ಮೆಪಡುವುದು ಸಹಜ. ಆದರೆ ಆ ಹೆಮ್ಮೆಗೆ ಬೆಲೆ ಬರುವುದು ಊರಿನ ಬಾವಿಕಟ್ಟೆಯಲ್ಲಿ, ಗದ್ದೆಯ ಬದುವಿನಲ್ಲಿ, ಶಾಲೆಯ ಊಟದ ಪಂಕ್ತಿಯಲ್ಲಿ. ದೋಣಿಯಲ್ಲಿ ಜೊತೆಗೆ ಕುಳಿತವರು ದಡಕ್ಕಿಳಿದ ಮೇಲೆಯೂ ಜೊತೆಯಾಗಿ ನಡೆದಾಗ, ಬಸವಣ್ಣನಿಗೆ ಆತನ ನಾಡಿನಲ್ಲಿಯೂ ತಕ್ಕ ಸ್ಮಾರಕವಾಗುತ್ತದೆ.