ಹಾಡು ಉಳಿಯಿತು, ಅನುಕ್ರಮ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಜಾತ್ರೆಗಳಲ್ಲಿ ಗೀಗೀ ಮೇಳಗಳು ಊರಿಂದೂರಿಗೆ ಸಂಚರಿಸಿ ಹಾಡುತ್ತ ಬಂದಿವೆ. ಮೇಳವೆಂದರೆ ಮೂರು ನಾಲ್ಕು ಜನ: ಮುಖ್ಯ ಗಾಯಕನ ಕೈಯಲ್ಲಿ ದಪ್ಪು, ಸಂಗಡಿಗರಲ್ಲಿ ತುಂತುಣಿ ಮತ್ತು ತಾಳ. ಎದುರುಬದಿರಾಗಿ ನಿಂತ ಎರಡು ಮೇಳಗಳಲ್ಲಿ ಹರದೇಶಿಯವರು ಗಂಡಿನ ಹಿರಿಮೆಯನ್ನೂ ನಾಗೇಶಿಯವರು ಹೆಣ್ಣಿನ ಹಿರಿಮೆಯನ್ನೂ ಸಾಧಿಸುತ್ತಾರೆ. ಸ್ತುತಿಯಿಂದ ಮೊದಲಾಗಿ ಸವಾಲು-ಜವಾಬುಗಳಲ್ಲಿ ಬೆಳೆಯುವ ವಾದ ಮಂಗಳದಲ್ಲಿ ಮುಗಿಯುತ್ತದೆ.

ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಜನಪದದ ಈ ಸಿರಿಯನ್ನು ಕೂಡಿಹಾಕಿದರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ಸಂಕಲನ ‘ಜೀವನ ಸಂಗೀತ’ ಅಚ್ಚಾದವು. ಅವರ ಶ್ರಮವಿಲ್ಲದಿದ್ದರೆ ಎಷ್ಟೋ ಹಾಡುಗಳು ಹಾಡುಗಾರರೊಡನೆಯೇ ಅಳಿಯುತ್ತಿದ್ದವು.

ಆದರೆ ಸಂಕಲನವೆಂಬುದು ಹಾಡನ್ನು ಉಳಿಸುತ್ತದೆ. ಹಾಡಿದ ರಾತ್ರಿಯನ್ನು ಉಳಿಸದು. ಯಾವ ಸವಾಲಿಗೆ ಯಾವ ಪದ ಜವಾಬಾಯಿತು, ಎಲ್ಲಿ ಎದುರಾಳಿ ಮೌನವಾದ ಎಂಬುದು ಪುಟಕ್ಕೆ ಇಳಿಯುವುದಿಲ್ಲ. ಯುರೋಪಿನ ಬರೋಕ್ ಸಂಗೀತದಲ್ಲಿಯೂ ಪಕ್ಕವಾದ್ಯದ ಪಾಲಿಗೆ ಹೆಚ್ಚಾಗಿ ಮಂದ್ರದ ಸಾಲು, ಅದಕ್ಕೆ ಹಚ್ಚಿದ ಅಂಕಿಗಳು ಮಾತ್ರ ಬರೆಹದಲ್ಲಿರುತ್ತಿದ್ದವು. ಉಳಿದುದನ್ನು ವಾದಕನೇ ತುಂಬಬೇಕಿತ್ತು. ಆದರೂ ಅದನ್ನು ಇಂದು ನುಡಿಸುವ ತಂಡಗಳು ಕಚೇರಿಯ ಅನುಕ್ರಮವನ್ನಾದರೂ ಅಚ್ಚುಹಾಕಿ ಕೇಳುಗರ ಕೈಗಿಡುತ್ತವೆ. ಮೇಳಕ್ಕೆ ಅಂಥ ಹಾಳೆಯಿಲ್ಲ. ಅದರ ಅನುಕ್ರಮವನ್ನು ಎದುರಾಳಿಯ ಪ್ರಶ್ನೆಯೇ ಆ ಕ್ಷಣದಲ್ಲಿ ನಿರ್ಣಯಿಸುತ್ತದೆ.

ಆದುದರಿಂದ ಲಾವಣಿಯನ್ನು ಬಿಡಿ ಕವಿತೆಯಾಗಿ ಓದುವ ಸಂಶೋಧಕ ಸಂವಾದದ ಒಂದು ದನಿಯನ್ನಷ್ಟೇ ಕೇಳುತ್ತಾನೆ. ಜಾತ್ರೆಯಲ್ಲಿ ಕುಳಿತು ಹಾಡುಗಳ ಸರದಿಯನ್ನು ಬರೆದುಕೊಳ್ಳುವವನಿಗೆ ಇನ್ನೊಂದು ದನಿಯೂ ದಕ್ಕೀತು.