ಆಟ ಒಂದೇ, ಕರೆದ ರೀತಿ ಬೇರೆ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಗೆ ಆಡಿಸಿದ ಒಂದು ಆಟದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ನಿಯಮ ಒಂದೇ, ಲಾಭ ನಷ್ಟದ ಲೆಕ್ಕವೂ ಒಂದೇ. ‘ವಾಲ್ ಸ್ಟ್ರೀಟ್ ಆಟ’ ಎಂದು ಕರೆದಾಗ ಸಹಕರಿಸಿದವರು ಸುಮಾರು ಮೂರರಲ್ಲೊಂದು ಪಾಲು. ‘ಸಮುದಾಯದ ಆಟ’ ಎಂದಾಗ ಹೆಚ್ಚುಕಮ್ಮಿ ಎರಡು ಪಾಲು. ಕೆನ್ಯಾದ ಒರ್ಮಾ ದನಗಾಹಿಗಳಿಗೆ ಹೆಸರು ಕೊಡುವ ಅಗತ್ಯವೂ ಬೀಳಲಿಲ್ಲ. ಅವರಿಗೆ ಆಡಿಸಿದ್ದು ಇನ್ನೊಂದು ಆಟ: ಎಲ್ಲರೂ ಒಂದು ಗಂಟಿಗೆ ಹಣ ಹಾಕಿ, ಇಮ್ಮಡಿಯಾದದ್ದನ್ನು ಸಮನಾಗಿ ಹಂಚಿಕೊಳ್ಳುವುದು. ನೋಡಿದ ಕೂಡಲೇ ಅವರು ‘ಇದು ನಮ್ಮ ಹರಾಂಬೆ’ ಅಂದರು. ಊರಿನ ಶಾಲೆ ಕಟ್ಟಲು ಅವರು ವಂತಿಗೆ ಕೂಡಿಸುವ ಪದ್ಧತಿ ಅದು. ಕೈಬಿಚ್ಚಿಯೇ ಕೊಟ್ಟರು.

ಇದನ್ನು ಓದುವಾಗ ನನಗೆ ನೆನಪಾದವರು ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ಶಾಲೆಗಾಗಿ, ಬಸವಕಲ್ಯಾಣದ ಅನುಭವ ಮಂಟಪಕ್ಕಾಗಿ ಜೋಳಿಗೆ ಹಿಡಿದು ಊರೂರು ತಿರುಗಿದರು. ಜೋಳಿಗೆ ಕಂಡರೆ ನಮ್ಮ ಕಡೆಯ ಜನಕ್ಕೆ ದಾಸೋಹ ಗೊತ್ತಾಗುತ್ತದೆ; ಅಲ್ಲಿ ಕೊಡುವವನು ದೊಡ್ಡವನಲ್ಲ, ಬೇಡುವವನು ಸಣ್ಣವನಲ್ಲ. ಅದೇ ಮೊತ್ತವನ್ನು ರಸೀದಿ ಪುಸ್ತಕ ಹಿಡಿದು ‘ಮನೆಗಿಷ್ಟು’ ಎಂದು ಕೇಳಿದ್ದರೆ ಅಷ್ಟು ಬಾಗಿಲು ತೆರೆಯುತ್ತಿದ್ದವೆಂದು ನನಗನಿಸುವುದಿಲ್ಲ.

ಹಾಗಂತ ಹೆಸರೊಂದೇ ಸಾಲದು. ಕೂಡಿಸಿದ್ದು ಎಲ್ಲಿ ಹೋಯಿತೆಂದು ಜನಕ್ಕೆ ಕಾಣಬೇಕು. ಪಟ್ಟದ್ದೇವರ ಜೋಳಿಗೆಗೆ ಬಿದ್ದದ್ದು ಶಾಲೆಯಾಗಿ, ಮಂಟಪವಾಗಿ ಕಂಡಿತು. ಈಗ ಕೆರೆ ಹೂಳಿಗೋ ಶಾಲೆ ಗೋಡೆಗೋ ಸಭೆ ಕರೆಯುವವರು ಮೊದಲು ಈ ಎರಡನ್ನೂ ಯೋಚಿಸಲಿ: ಯಾವ ಮಾತಿನಲ್ಲಿ ಕೇಳುತ್ತೇವೆ, ಲೆಕ್ಕವನ್ನು ಯಾವ ಗೋಡೆಗೆ ಬರೆಯುತ್ತೇವೆ.